ವಿಷಮುಕ್ತ ಕಾಡತೂಸು

ಕೊಲ್ಲುವವರಿಗೂ ಆರೋಗ್ಯದ ಕಾಳಜಿ ಬಂದಿರುವ ಕಾಲವಿದು. ತಮಾಷೆಗೆ ಹೇಳುತ್ತಿಲ್ಲ. ತುಬಚಿಯ ಹತ್ತಿರ ಹೊಳೆದಂಡೆಯಲ್ಲಿ ಕಬ್ಬು ಬೆಳೆಯುವ ನನ್ನ ಕಾಕಾ, ಬಾತುಕೋಳಿಗಳ ಹಿತಕ್ಕಾಗಿ, ಅವನ್ನು ಹೊಡೆಯಲು ವಿಷವಿಲ್ಲದ ಕಾಡತೂಸು ತಯಾರಿಸಿದರು.

ಬಂದೂಕಿನ ಕಾಡತೂಸಿನಲ್ಲಿ ತುಂಬುವ ಸಣ್ಣ ಗುಂಡು, ಅಂದರೆ ಚರೆ, ಸಾಮಾನ್ಯವಾಗಿ ಸೀಸದ್ದು. ಗುರಿ ತಪ್ಪಿದ ಚರೆ ನೀರಿನ ತಳ ಸೇರುತ್ತದೆ. ಬಾತುಕೋಳಿಗಳು ಅದನ್ನು, ಅರಗಲೆಂದು ತಿನ್ನುವ ಹರಳುಕಲ್ಲೆಂದು ನುಂಗಿ, ಸೀಸದ ವಿಷವೇರಿ ನಿಧಾನವಾಗಿ ಸಾಯುತ್ತವೆ. ಅದಕ್ಕೇ ಕೆಲವು ಹೊರದೇಶಗಳಲ್ಲಿ ಉಕ್ಕಿನ ಚರೆ ಬಳಸುತ್ತಾರೆ. ಇದನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಾಕಾ ಕಣ್ಣೀರು ಹಾಕಿದರಂತೆ. ನಿಧಾನವಾಗಿ ಸಾಯುವ ಹಕ್ಕಿಗಾಗಿ ಅತ್ತು, ಕಣ್ಣೊರೆಸಿಕೊಂಡು, ಬೇಗ ಸಾಯಿಸುವ ಸಾಮಾನು ತರಲು ಬನಹಟ್ಟಿಗೆ ಹೊರಟರು. ನಮ್ಮ ದೇಶದಲ್ಲಿ ಆ ಬೇಟೆಯೇ ಅಪರಾಧ ಎಂಬ ಸಣ್ಣ ಸಂಗತಿ ಆ ವಿಡಿಯೊದಲ್ಲಿ ಇರಲಿಲ್ಲ. ಕಾಕಾನ ಬಂದೂಕಿನ ಲೈಸೆನ್ಸು ಇರುವುದು ಬೆಳೆಯ ರಕ್ಷಣೆಗೆ.

ನಾನು ಜಮಖಂಡಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಇದರ ಅರ್ಥ, ಹಾಲು, ಬೆಲ್ಲ, ತಲೆಗೆ ಹಚ್ಚುವ ಎಣ್ಣೆ, ಎಲ್ಲಕ್ಕೂ ನಾನು ಸರ್ಟಿಫಿಕೇಟು ಕೊಡಬೇಕು. ಹೋದ ಶನಿವಾರ ಕಾಕಾ ಕರೆಸಿದರು. ಪಡಸಾಲೆಯಲ್ಲಿ ತುಂಬಿಟ್ಟ ಕಾಡತೂಸುಗಳ ಸಾಲು. ಪಕ್ಕದ ಬಟ್ಟಲಲ್ಲಿ ಉಳಿದ ಚರೆ: ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳು. ಪ್ರತಿ ಕಾಡತೂಸಿನ ಮೇಲೂ ಒಂದು ಹಸಿರು ಚೀಟಿ ಅಂಟಿಸಿದ್ದರು, ತಮ್ಮ ಗಾಣದ ಬೆಲ್ಲಕ್ಕೆ ಅಂಟಿಸುವಂಥದ್ದೇ: 'ರಾಸಾಯನಿಕ ಮುಕ್ತ'. ಒಳಗೆ ತುಂಬಿದ್ದು ಸಿಡಿಮದ್ದು.

"ಹಿಡಿ, ನೋಡವಾ. ಇದರಾಗ ವಿಷ ಐತೇನು? ಇಲ್ಲ ಅಂದ್ರ ನಾಳೆ ಮುಂಜಾನಿ ಹೊಳಿಗೆ ಹೊಂಟೆ."

ರೊಟ್ಟಿ ಬಡಿಯುತ್ತಿದ್ದ ಕಾಕಾನ ಹೆಂಡತಿ, ನನ್ನ ಕಾಕು, ಒಳಗಿನಿಂದಲೇ ಕೂಗಿದಳು: "ಹಕ್ಕಿಗೆ ಛಲೋ ಆಗ್ಲಿ ಅಂತ ಗುಂಡು ಹೊಡ್ಯಾವ್ರು ನೀವೊಬ್ರ ನೋಡ್ರಿ! ಕೈಯಾಗ ಸಿಡೀತಂದ್ರ ನಿಮಗ ಉಣಸಾವ್ರು ಯಾರು?"

"ನೀ ಸುಮ್ನಿರ ಬೇ. ಸೀಸ ಹಾಕಿದ್ರ ಪಾಪ, ಹೊಟ್ಟಿ ಕೆಟ್ಟು ಸಾಯ್ತಾವ."

"ಈಗ ಹ್ಯಾಂಗ ಸಾಯ್ತಾವರಿ ಕಾಕಾ?" ಎಂದೆ.

"ತಬ್ಯೇತ ಛಲೋ ಇದ್ದು ಸಾಯ್ತಾವ."

ಆರೋಗ್ಯವಾಗಿದ್ದು ಸಾಯುವುದು! ಇದಕ್ಕೆ ನಗಬೇಕಿತ್ತು. ಆದರೆ ನಾವೆಲ್ಲ ಈಗ ಹೀಗೇ ಅಲ್ಲವೆ? ಡಬ್ಬಿಯ ಮೇಲೆ ಏನೇನು ಇಲ್ಲ ಎಂಬುದನ್ನು ಓದಿ ಸಮಾಧಾನಪಡುತ್ತೇವೆ. ಅದು ಮಾಡುವ ಕೆಲಸವೇನು ಎಂದು ಕೇಳುವುದು ಅಸಭ್ಯತೆ.

ಕಾನೂನು ಹೇಳಿ ನೋಡಿದೆ. "ಕಾನೂನು ಬೆಂಗಳೂರಾಗ ಇರ್ತೈತಿ." ದಯೆ ಎಂದೆ. "ಅದಕ್ಕಲ್ಲೇನು ಸೀಸ ಬಿಟ್ಟಿದ್ದು?" ಕಾಕು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಚೇಷ್ಟೆ ಉಳಿದಿರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿದ್ದ ಬಂದೂಕಿನ ಮೇಲಿತ್ತು. ಸಂಸ್ಥಾನದ ಕಾಲದಲ್ಲಿ ಮುತ್ತಜ್ಜನಿಗೆ ಇನಾಮು ಬಂದದ್ದದು. ಪ್ರತಿ ದಸರೆಗೆ ಕುಂಕುಮ, ಚೆಂಡುಹೂವಿನ ಮಾಲೆ.

"ಕಾಕಾ, ಇವು ವಿಷ ಅಲ್ಲರಿ," ಎಂದೆ. "ಆದ್ರ ಸೀಸ ಮೆತ್ತಗ, ಉಕ್ಕು ಬಿರುಸು. ಮುತ್ತಜ್ಜನ ಬಂದೂಕಿನ ನಳಗಿ ಹಳೇದು. ಸೀಳಿದ್ರ ನಿಮ್ಮ ಕೈ, ಕಣ್ಣು ಹೋಗ್ತಾವ. ಸೀಳಲಿಲ್ಲಂದ್ರೂ ಒಳಗ ಗೀರು ಬೀಳ್ತಾವ."

"ಗೀರು?"

ಕೈ, ಕಣ್ಣು ಅವರ ಕಿವಿಗೆ ಬೀಳಲೇ ಇಲ್ಲ. ಎದ್ದು ಬಂದೂಕನ್ನು ಇಳಿಸಿದರು, ಧೋತರದ ಚುಂಗಿನಿಂದ ನಳಿಗೆಯನ್ನು ಒರೆಸಿದರು, ಕೂಸನ್ನು ಎತ್ತಿಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡರು. "ಮೊದಲ ಹೇಳಬಾರದೇನವಾ! ಮುತ್ತ್ಯಾ ಏನಂದಾನು?"

ಕಾಡತೂಸುಗಳೆಲ್ಲ ನೀರಿನ ಬಕೀಟಿಗೆ ಹೋದವು. ಊಟಕ್ಕೆ ಕೂತಾಗ ಕಾಕು ನನ್ನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.

ಮರುದಿನ ಮುಂಜಾನೆ ಬಸ್ಸಿಗೆ ಹೋಗುವಾಗ ನೋಡಿದೆ. ಹೊಳೆಯ ಹಿನ್ನೀರಿನಲ್ಲಿ ಬಾತುಕೋಳಿಗಳು ನಿಶ್ಚಿಂತೆಯಿಂದ ತೇಲುತ್ತಿದ್ದವು. ಕಾನೂನು ಅವನ್ನು ಉಳಿಸಲಿಲ್ಲ, ಕರುಣೆ ಉಳಿಸಲಿಲ್ಲ, ನನ್ನ ಪದವಿಯೂ ಅಷ್ಟಕ್ಕಷ್ಟೇ. ಉಳಿಸಿದ್ದು, ಅವನ್ನು ಕೊಲ್ಲಬೇಕಿದ್ದ ಬಂದೂಕಿನ ಮೇಲಿನ ಕಾಕಾನ ಪ್ರೀತಿ. ಅವಕ್ಕೆ ಇದು ತಿಳಿಯದಿರುವುದೇ ಒಳ್ಳೆಯದು. ಹಕ್ಕಿಗಳಿಗೂ ಮರ್ಯಾದೆ ಇರುತ್ತದೆ.