ಆರಿನ್ ಬಚ್ಚಿಟ್ಟ ಜಿಂಕೆಯ ಜಾಗ

ಅಮೆರಿಕದ ಮಾಂಟಾನಾದ ಒಂದು ಕಣಿವೆಯಲ್ಲಿ ಮೂವತ್ತು ವರ್ಷ ರಸ್ತೆಯ ಹಿಮ ತೆಗೆದ ಆರಿನ್ ಹಾಲ್ವರ್ಸನ್, ತಾನು ಜಿಂಕೆ ಹೊಡೆಯುವ ಜಾಗ ಎಲ್ಲಿದೆ ಎಂದು ಯಾರಿಗೂ ಹೇಳಿದವನಲ್ಲ. ಅದು ಅವನೊಬ್ಬನ ಹುಚ್ಚಲ್ಲ. ಅಲ್ಲಿಯವರು ಬಾಮೈದನಿಗೆ ಕಿಡ್ನಿ ಬೇಕಾದರೂ ಕೊಟ್ಟಾರು, ಬೇಟೆಯ ಜಾಗ ಮಾತ್ರ ಹೇಳಲಾರರು. ಆರಿನ್ ಇನ್ನೂ ಒಂದು ಕೈ ಮೇಲೆ. ಯಾರಿಗೂ ಸುಳಿವು ಸಿಗದಿರಲೆಂದು ಬೇರೆ ಕಾಲುದಾರಿಯ ಬುಡದಲ್ಲಿ ಪಿಕಪ್ ಗಾಡಿ ನಿಲ್ಲಿಸಿ, ಹೆಂಡತಿ ಡೆಲ್ಲಾಳ ಜೊತೆ ಎರಡು ಮೈಲಿ ಸುತ್ತಿಕೊಂಡು ಹೋಗುತ್ತಿದ್ದ. ಪ್ರತಿ ಅಕ್ಟೋಬರಿನ ಕೊನೆಯ ವಾರ, ಮೂವತ್ತೆಂಟು ವರ್ಷ.

ಈ ಸಲ ಡೆಲ್ಲಾಳ ಸೊಂಟ ಕೈಕೊಟ್ಟಿತ್ತು. ಹೇಸರಗತ್ತೆಗಳನ್ನು ಸಾಕಿಕೊಂಡು ಹೊರಗಿನ ಬೇಟೆಗಾರರಿಗೆ ಗೈಡ್ ಆಗಿ ಹೋಗುವ ಟೆಸ್‌ಳನ್ನು ಗೊತ್ತುಮಾಡಿದರೆ ಡೆಲ್ಲಾ ಹೇಸರಗತ್ತೆಯ ಮೇಲೆ ಕುಳಿತೇ ಬೆಟ್ಟ ಹತ್ತಬಹುದಿತ್ತು. ಆದರೆ ಟೆಸ್‌ಗೆ ಜಾಗ ಹೇಳಬೇಕಲ್ಲ. ಹೇಳಿದರೆ ಮುಂದಿನ ವರ್ಷ ಅಲ್ಲಿ ಯಾರ್ಯಾರದೋ ಗುಡಾರ.

"ನೀನೊಬ್ನೇ ಹೋಗಿ ಬಾ," ಎಂದಳು ಡೆಲ್ಲಾ.

"ಗುರಿ ತಪ್ದೆ ಹೊಡಿಯೋಳು ನೀನು. ನಾನೊಬ್ನೇ ಹೋಗಿ ಜಿಂಕೆಗಳ್ನ ಹೆದರ್ಸಿ ಬರ್ಲಾ?"

ಒಂದು ವಾರ ಒದ್ದಾಡಿದ. ಡೆಲ್ಲಾ ತನ್ನ ಬೂಟುಗಳಿಗೆ ಎಣ್ಣೆ ಹಚ್ಚಿ, ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡು, ಮತ್ತೆ ಪೆಟ್ಟಿಗೆಗೆ ಹಾಕಿದ್ದನ್ನು ಕಂಡಮೇಲೆ ಅವನಿಂದ ತಡೆಯಲಾಗಲಿಲ್ಲ. ಟೆಸ್‌ಳನ್ನು ಮನೆಗೆ ಕರೆಸಿದ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡಿ, ಬೆರಳಿಟ್ಟು ತೋರಿಸಿದ.

ಟೆಸ್ ನಕ್ಷೆಯ ಕಡೆ ನೋಡಲೇ ಇಲ್ಲ. ಕಾಫಿ ಕುಡಿಯುತ್ತಾ, "ಗೊತ್ತು ಆರಿನ್ ಅವ್ರೇ," ಎಂದಳು. "ನಮ್ಮಪ್ಪಾನೂ ಇದೇ ಗೈಡ್ ಕೆಲ್ಸ ಮಾಡ್ತಿದ್ರಲ್ಲ. ಅಕ್ಟೋಬರ್ ಕೊನೇ ವಾರ ಆ ಕಡೆ ಯಾರನ್ನೂ ಕರ್ಕೊಂಡು ಹೋಗ್ಬೇಡ, ಅದು ಆರಿನ್-ಡೆಲ್ಲಾ ವಾರ ಅಂತಿದ್ರು. ನಾನೂ ಹೋಗಿಲ್ಲ. ಊರೋರೂ ಹೋಗಲ್ಲ."

"ಊರಿಗೆಲ್ಲ ಗೊತ್ತಾ?"

"ಪಿಕಪ್ ಅಲ್ಲಿ, ಹಿಮದ ಮೇಲೆ ಹೆಜ್ಜೆ ಇಲ್ಲಿ. ಗೊತ್ತಾಗ್ದೆ ಇರುತ್ತಾ?"

ಆರಿನ್‌ನ ಕಿವಿ ಕೆಂಪಾಯಿತು. ಪಕ್ಕದಲ್ಲಿ ಕುಳಿತಿದ್ದ ಡೆಲ್ಲಾಳ ಕಡೆ ನೋಡಿದ. ಆ ಸುತ್ತು ದಾರಿಯೇ ಇವಳ ಸೊಂಟ ತಿಂದಿತೇನೋ.

"ತಪ್ಪಾಯ್ತು ಕಣೇ. ಇಷ್ಟು ವರ್ಷ ಸುಮ್‌ಸುಮ್ನೆ ನಡೆಸ್ಬಿಟ್ಟೆ."

"ಊರಿಗೆಲ್ಲ ಗೊತ್ತು ಅಂತ ನಂಗೆ ಎರಡನೇ ವರ್ಷಾನೇ ಗೊತ್ತಾಗಿತ್ತು," ಎಂದಳು ಡೆಲ್ಲಾ.

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

ಡೆಲ್ಲಾ ನಕ್ಷೆಯನ್ನು ನಿಧಾನವಾಗಿ ಮಡಚಿದಳು. "ಮನೇಲಿ ನಿನ್ನ ಬಾಯಿಂದ ಮಾತು ಹೊರಡಲ್ಲ. ಮೇಲೆ ಹೋದ್ಮೇಲೆ ಜಿಂಕೆಗೆ ಕೇಳ್ಸುತ್ತೆ ಅಂತ ಮಾತಾಡಲ್ಲ. ವರ್ಷಕ್ಕೊಂದ್ಸಲ ಆ ಎರಡು ಮೈಲೀಲೇ ಮಾರಾಯ ನೀನು ನನ್ನ ಜೊತೆ ಮಾತಾಡ್ತಿದ್ದಿದ್ದು."

ಆರಿನ್ ಅವಳ ಕೈಯ ಮೇಲೆ ಕೈಯಿಟ್ಟ. ಆಮೇಲೆ ಟೆಸ್ ಕಡೆ ತಿರುಗಿದ.

"ಹೇಸರಗತ್ತೆ ಅವಳಿಗೊಂದು ಸಾಕು, ನಾನು ಪಕ್ಕದಲ್ಲಿ ನಡೀತೀನಿ. ನೀನು ಮಾತ್ರ ಸ್ವಲ್ಪ ಮುಂದೆ ಹೋಗ್ತಿರಮ್ಮ."