ರಟ್ಟಿನ ಮೇಷ್ಟ್ರು

ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರಿಗೆ ‘ರಟ್ಟಿನ ಮೇಷ್ಟ್ರು’ ಎಂಬ ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಕೇಂದ್ರದ ಕಂಪ್ಯೂಟರುಗಳೆಲ್ಲ ಬೀಗ ಹಾಕಿದ ಕೋಣೆಯಲ್ಲಿ ಬಾಣಂತಿಯರಂತೆ ತಲೆತುಂಬ ಹೊದ್ದು ಕೂತಿದ್ದವು. ಬೀಗದ ಕೈ ಪ್ರಿನ್ಸಿಪಾಲರ ಜೇಬು ಬಿಟ್ಟು ಕದಲುತ್ತಿರಲಿಲ್ಲ.

“ಪರೀಕ್ಷೆಗೆ ಮುಂಚೆ ಮುಟ್ಟಿ ಕೆಡಿಸಿದ್ರೆ ನಿಮ್ಮಪ್ಪ ಬಂದು ರಿಪೇರಿ ಮಾಡ್ತಾರೇನ್ರೀ?” ಎಂದು ಮೇಷ್ಟ್ರನ್ನು ಗದರುತ್ತಿದ್ದರು.

ಮೇಷ್ಟ್ರ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವರೇ. ಆದರೂ ಮೇಷ್ಟ್ರು ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದರಲ್ಲಿ ಅವರದು ಎತ್ತಿದ ಕೈ.

ಚಪ್ಪಲಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು, ಮುಚ್ಚಳದ ಮೇಲೆ ಅಕ್ಷರದ ಮನೆಗಳನ್ನು ಬರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಅದೇ ಕೀಬೋರ್ಡು. ಅದರ ಮೇಲೆ ಎಲ್ಲರಿಗಿಂತ ಚುರುಕಾಗಿ ಬೆರಳಾಡಿಸುತ್ತಿದ್ದವಳು ಅಕ್ಕ. ತರಗತಿಗೇ ಹಿರಿಯಳು, ಹಾಗಾಗಿ ಎಲ್ಲರಿಗೂ ಅಕ್ಕ. ಗಂಡ ಹಾಸಿಗೆ ಹಿಡಿದಿದ್ದ. ಕೆಲಸಕ್ಕೆ ಸೇರುವ ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ಪಾಸಾಗದಿದ್ದರೆ ಮತ್ತೆ ಬಾಗಿಲಿಲ್ಲ.

“ಮನೇಲಿ ಇವರ ಬೆನ್ನ ಮೇಲೂ ಟೈಪ್ ಮಾಡ್ತೀನಿ ಸಾರ್. ನೋವಿಗೂ ಆಯ್ತು, ಪಾಠಕ್ಕೂ ಆಯ್ತು,” ಎನ್ನುತ್ತಿದ್ದಳು.

ಪರೀಕ್ಷೆಯ ದಿನ ಕೋಣೆಯ ಬೀಗ ತೆಗೆಯಿತು. ಮೊದಲ ಸರದಿ ಅಕ್ಕನದು. ಎದುರಿಗೆ ಶಾಲೆಯ ಮಕ್ಕಳು, ಪಕ್ಕದಲ್ಲಿ ಪರೀಕ್ಷಕರು, ಬಾಗಿಲ ಬಳಿ ಪ್ರಿನ್ಸಿಪಾಲರು ಮತ್ತು ಮೇಷ್ಟ್ರು. ‘ನೀರು’ ಎಂದು ಟೈಪ್ ಮಾಡಿ ಪಾಠ ಶುರು ಮಾಡಬೇಕು. ರಟ್ಟಿನ ಮೇಲೆ ಒತ್ತುವಂತೆಯೇ ಅಕ್ಕ ಒಂದೊಂದು ಗುಂಡಿಯನ್ನೂ ಅದುಮಿ ಹಿಡಿದಳು. ಪರದೆಯ ಮೇಲೆ ನನನನನ ಎಂದು ‘ನೀರು’ ಸಾಲುಸಾಲಾಗಿ ಹರಿಯಿತು. ಅವಳು ತಲೆ ಎತ್ತಲಿಲ್ಲ. ರಟ್ಟಿಗೆ ಪರದೆ ಎಲ್ಲಿತ್ತು?

ಮಕ್ಕಳು ನಕ್ಕರು. ಪಾಠ ಹಿಡಿಸಿತೆಂದುಕೊಂಡು ಅಕ್ಕನೂ ನಕ್ಕಳು.

“ಯಾವತ್ತಾದ್ರೂ ಕಂಪ್ಯೂಟರ್ ಮುಟ್ಟಿದ್ದೀರೇನಮ್ಮಾ?” ಎಂದು ಪರೀಕ್ಷಕರು ಕೇಳಿದರು.

ಅಕ್ಕ ಮೇಷ್ಟ್ರ ಮುಖ ನೋಡಿದಳು. ಪ್ರಿನ್ಸಿಪಾಲರೂ ನೋಡಿದರು. ನಿಜ ಮೇಷ್ಟ್ರ ನಾಲಿಗೆಯ ತುದಿಗೆ ಬಂದು, ಅಲ್ಲಿಂದಲೇ ವಾಪಸು ಹೋಯಿತು.

“ಸಾರ್ ಚೆನ್ನಾಗೇ ಹೇಳ್ಕೊಟ್ರು. ನನ್ ತಲೆಗೇ ಹತ್ತಲಿಲ್ಲ,” ಎಂದಳು ಅಕ್ಕ.

ಅವಳನ್ನು ನೋಡಿ ಉಳಿದವರು ಗುಂಡಿಯನ್ನು ಮೆಲ್ಲಗೆ ಮುಟ್ಟಿದರು, ತಲೆ ಎತ್ತಿ ಪರದೆ ನೋಡಿದರು, ಪಾಸಾದರು. ಆ ಕೋಣೆಯಲ್ಲಿ ನಡೆದ ಒಂದೇ ಒಂದು ಪಾಠ ಅದು. ಮಾಡಿದವಳು ಫೇಲಾದಳು.

ಹೋಗುವಾಗ ಅಕ್ಕ ತನ್ನ ರಟ್ಟನ್ನು ಮೇಜಿನ ಮೇಲಿಟ್ಟಳು. “ಬರೋ ವರ್ಷದವರಿಗೆ ಆಗುತ್ತೆ, ಇಟ್ಕೊಳ್ಳಿ ಸಾರ್.”

ಬೆರಳು ತಾಗಿ ತಾಗಿ ಅಕ್ಷರಗಳು ಅಳಿಸಿಹೋಗಿದ್ದವು. ಅವಳ ಹೆಜ್ಜೆಯ ಸದ್ದು ಅಡಗಿತು. ಮೇಷ್ಟ್ರು ಪೆನ್ನು ತೆಗೆದು, ಒಂದೊಂದೇ ಅಕ್ಷರ ತಿದ್ದತೊಡಗಿದರು.