ಜಾಲರಿಯ ಮೇಲೆ ಉಳಿದದ್ದು

ಕರುಳಿನ ಒಳಪದರದ ಅಡಿಯಲ್ಲಿ ನೂಲಿನಂಥ ತೋಳುಗಳನ್ನು ಚಾಚಿಕೊಂಡು, ಆ ಪದರ ಸದಾ ಹೊಸತಾಗುತ್ತಿರುವಂತೆ ಸಂಕೇತ ಕಳುಹಿಸುವ ಸಂಯೋಜಕ ಅಂಗಾಂಶದ ಕೋಶಗಳಿಗೆ ಟೆಲೋಸೈಟ್ ಎಂದು ಹೆಸರು. ಇಲಿಯ ಕರುಳಿನಿಂದ ಅವುಗಳನ್ನು ಜೀವಂತವಾಗಿ ಬಿಡಿಸಿ ತೆಗೆಯುವ ವಿದ್ಯೆಯ ಮಾತು ಬಂದಾಗ ಈ ಸೀಮೆಯ ಸಂಶೋಧಕರು ಮೊದಲು ನೆನೆಯುವುದು ಡಾ. ಇಶ್ರತ ಮುಲ್ಲಾ ಅವರನ್ನು. ದಾಂಡೇಲಿಯ ಗಿರಣಿಯಲ್ಲಿ ಕಾಗದ ತಯಾರಿಸುತ್ತಿದ್ದ ಶೌಕತ ಸಾಹೇಬರ ಮಗಳಾಗಿ ಹುಟ್ಟಿ, ಹಳಿಯಾಳದಲ್ಲಿ ಓದಿ, ಈ ಎರಡೂರುಗಳ ನಡುವೆ ಪುಟ್ಟದೊಂದು ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ಆರಂಭದ ದಿನಗಳಲ್ಲಿ, ವಿದ್ಯುತ್ ತಯಾರಾಗುವ ಅಂಬಿಕಾನಗರದ ಮಗ್ಗುಲಲ್ಲೇ ಇದ್ದೂ ಕರೆಂಟು ಹೋದಾಗಲೆಲ್ಲ, ಕೋಶಗಳ ತಟ್ಟೆಗಳನ್ನು ಬಿಸಿನೀರಿನ ಬಾಟಲಿಗಳ ನಡುವೆ ಮಲಗಿಸಿ ಕೂಸು ಕಾದಂತೆ ಕಾದವರು ಅವರು. ಹೊಸಬರು ತಪ್ಪಿದರೆ ಮೊದಲು ಚಹಾ, ಆಮೇಲೆ ಬೈಗುಳ.

ಕೊನೆಯ ಶಿಷ್ಯೆ, ಇದೇ ಜಿಲ್ಲೆಯ ಇಂದೂರಿನ ರಾಜಶ್ರೀಗೆ ಆ ಚಹಾದ ಸರದಿ ಬಂದದ್ದು ಕಳೆದ ಚಳಿಗಾಲದ ಒಂದು ಮುಂಜಾನೆ. ಅವಳ ಪಿಎಚ್.ಡಿ.ಗೆ ಮಂಜೂರಾಗಿದ್ದ ಇಲಿಗಳಲ್ಲಿ ಅಂದು ಉಳಿದದ್ದು ಒಂದೇ. ಅದೂ ಕೈಕೊಟ್ಟರೆ ಪ್ರಬಂಧವಿಲ್ಲ. ಮೇಡಂ ನಿವೃತ್ತರಾದರೆ ಕೈಹಿಡಿಯುವವರೂ ಇಲ್ಲ. ಕರುಳನ್ನು ತೊಳೆದು, ಒಳಪದರವನ್ನು ಬಿಡಿಸಿ, ಉಳಿದ ಅಂಗಾಂಶವನ್ನು ಕಿಣ್ವದ ಬೆಚ್ಚನೆಯ ದ್ರವದಲ್ಲಿಟ್ಟಳು. ಕೋಶಗಳು ಸಾಯುವವೆಂಬ ಭಯದಲ್ಲಿ ಅವಧಿಗೆ ಮುಂಚೆಯೇ ತೆಗೆದು ನೈಲಾನ್ ಜಾಲರಿಯಲ್ಲಿ ಸೋಸಿದಳು. ಸೋಸಿದ ದ್ರವವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ತೋಳುಳ್ಳ ಕೋಶ ಒಂದೂ ಕಾಣಲಿಲ್ಲ.

ಜಾಲರಿಯನ್ನು ಬ್ಲೀಚಿನ ಬೋಗುಣಿಗೆ ಹಾಕಲು ಅವಳು ಕೈ ಚಾಚಿದ್ದಳು.

“ತಡಿ, ಒಗೀಬ್ಯಾಡ,” ಎಂದರು ಹಿಂದಿನಿಂದ ಬಂದ ಇಶ್ರತ ಅವರು.

“ಬರೇ ಕಸ ಐತ್ರಿ ಮೇಡಂ.”

“ಗಿರಣ್ಯಾಗ ಜಾಳಿಗಿ ಕೆಳಗ ಹೋಗೂದು ಬರೇ ನೀರು. ಮ್ಯಾಲ ಉಳಿಯೂದಕ್ಕ ಕಾಗದ ಅಂತಿದ್ರು ನಮ್ಮ ಅಬ್ಬಾ. ನೀ ನೀರು ನೋಡಿ ಅಳಾಕತ್ತೀಯಲ್ಲ.”

ಇಶ್ರತ ಅವರು ಜಾಲರಿಯನ್ನು ಬೋರಲು ಹಿಡಿದು ಬೆಚ್ಚನೆಯ ದ್ರವವನ್ನು ಹನಿಹನಿಯಾಗಿ ಬಿಟ್ಟರು. ಅರೆಕರಗಿ ಅಂಟಿಕೊಂಡಿದ್ದ ತುಣುಕುಗಳು ಒಂದೊಂದಾಗಿ ಕೆಳಗಿಳಿದವು. ಅವನ್ನು ಮತ್ತೆ ಕಿಣ್ವದಲ್ಲಿಟ್ಟು, ಅಲುಗಿಸದೆ, ಕಿಟಕಿಯ ಬಳಿ ಚಹಾ ಹಿಡಿದು ಕುಳಿತರು. ಹೊರಗೆ ಕಾಳಿ ನದಿಯ ಕಡೆಯಿಂದ ಏರಿದ ಮಂಜು ಮರಗಳ ಬುಡವನ್ನು ಅಳಿಸಿತ್ತು. ಮರದ ತಲೆಗಳಷ್ಟೇ ತೇಲುತ್ತಿದ್ದವು. ಕೋಶಗಳು ಸತ್ತುಹೋದರೆ ಎಂದು ರಾಜಶ್ರೀ ಕೇಳಿದ್ದಕ್ಕೆ, ಕಾಯುವುದೂ ಕೆಲಸವೇ ಎಂದಷ್ಟೇ ಹೇಳಿ ಬೈಯುವುದನ್ನೇ ಮರೆತರು.

ಬಿಡಿಯಾದ ಕೋಶಗಳನ್ನು ತಟ್ಟೆಗೆ ಹಾಕಿಟ್ಟ ಮರುದಿನ ಅದರ ತಳದಲ್ಲಿ, ಕನಸಿನಲ್ಲಿ ಕೈ ಚಾಚಿದಂತೆ, ಕೋಶವೊಂದು ಎಳೆಯ ತೋಳನ್ನು ಬಿಡಿಸಿತ್ತು. ಅದರಾಚೆ ಇನ್ನೊಂದು. ಎರಡರ ತುದಿಗಳು ಮುಟ್ಟಿದ್ದವು. ರಾಜಶ್ರೀ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಆ ಕೋಶಗಳಿಂದಲೇ ಅವಳ ಪ್ರಬಂಧ ಮುಗಿಯಿತು.

ಇಂದಿಗೂ ಅವಳು ಸೋಸಿದ ಮೇಲೆ ಮೊದಲು ಜಾಲರಿಯನ್ನೇ ಬೆಳಕಿಗೆ ಹಿಡಿಯುತ್ತಾಳೆ. ಮೇಡಂ ಕೂರುವ, ಕಿಟಕಿಯ ಬಳಿಯ ಕುರ್ಚಿಯನ್ನು ಯಾರಿಗೂ ಸರಿಸಗೊಡುವುದಿಲ್ಲ. ಡಾ. ಇಶ್ರತ ಮುಲ್ಲಾ ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ. ನಿವೃತ್ತಿಯ ಮರುದಿನವೂ ಎಂದಿನಂತೆ ಬರಲಿ. ಅವರು ನೋಡುವ ತನಕ ಈ ಪ್ರಯೋಗಾಲಯದಲ್ಲಿ ಯಾವ ಜಾಲರಿಯನ್ನೂ ತೊಳೆಯುವುದಿಲ್ಲ.